ಕೈಲಾಸಂ ಹೆಸರಿಗೆ ಬಂದು ಸೇರಿದ ಮಾತುಗಳು

ನಮ್ಮ ಅಕ್ಕಲಕೋಟದಲ್ಲಿ ಒಂದೇ ನಗೆಮಾತಿಗೆ ಇಬ್ಬರು ಯಜಮಾನರಿರುತ್ತಾರೆ. ನಾಟಕಕಾರರೊಬ್ಬರು ತಮ್ಮ ಹೊಸ ನಾಟಕದ ಮೊದಲ ಪ್ರಯೋಗಕ್ಕೆ ದೊಡ್ಡ ಅಧಿಕಾರಸ್ಥರೊಬ್ಬರಿಗೆ ಎರಡು ಟಿಕೀಟು ಕಳಿಸುತ್ತಾರೆ. ಒಂದು ನಿಮಗೆ, ಇನ್ನೊಂದು ನಿಮ್ಮ ಗೆಳೆಯರಿಗೆ, ಗೆಳೆಯರು ಅಂತ ಯಾರಾದರೂ ಇದ್ದರೆ ಎಂದು ಚೀಟಿ ಬರೆದಿರುತ್ತಾರೆ. ಅವರು ಟಿಕೀಟು ತಿರುಗಿ ಕಳಿಸಿ, ಮೊದಲನೆಯ ಪ್ರಯೋಗಕ್ಕೆ ಬಿಡುವಿಲ್ಲ, ಎರಡನೆಯದಕ್ಕೆ ಬರುತ್ತೇನೆ, ಎರಡನೆಯದು ಅಂತ ಒಂದು ನಡೆದರೆ ಎಂದು ಉತ್ತರ ಕೊಡುತ್ತಾರೆ. ಕನ್ನಡ ಮನೆಯಲ್ಲಿ ಕೇಳಿದರೆ ಆ ನಾಟಕಕಾರ ಟಿ. ಪಿ. ಕೈಲಾಸಂ, ಟಿಕೀಟು ಹೋಗುವುದು ಮೈಸೂರಿನ ದಿವಾನರಿಗೆ. ಅದೇ ಓಣಿಯ ಮರಾಠಿ ಮನೆಯಲ್ಲಿ ಅವರು ಆಚಾರ್ಯ ಅತ್ರೆ, ಟಿಕೀಟು ಹೋಗುವುದು ಮುಂಬೈಯ ಮುಖ್ಯಮಂತ್ರಿಗೆ. ಎರಡೂ ಭಾಷೆ ಆಡುವ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿ ಕಿಸ್ಸಾ ಹೇಳುವವರ ಬಾಯಿಗೆ ಆ ಹೊತ್ತು ಯಾವ ಭಾಷೆ ಬಂತೋ ಆ ಭಾಷೆಯ ನಾಟಕಕಾರನಿಗೆ ಮಾತು ಸಲ್ಲುತ್ತದೆ.

ನಾನು ಈ ತಾಲೂಕಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಮಾಸ್ತರನಾಗಿದ್ದವನು. ಒಂದು ವರ್ಷ ಗ್ಯಾದರಿಂಗಿಗೆ ಹುಡುಗರಿಂದ ಕೈಲಾಸಂ ಅವರ ‘ತಾಳಿಕಟ್ಟೋಕ್ಕೂಲೀನೇ’ ಆಡಿಸಬೇಕೆಂದು ಹೊರಟಾಗ ಊರಿನ ಹಿರಿಯರೊಬ್ಬರು, “ಕೈಲಾಸಂ ಅಂದ್ರ ಆ ಜೋಕಿನವ್ರಲ್ಲೇನ್ರಿ ಮಾಸ್ತರ್ರ? ಅವರು ನಾಟಕಾನೂ ಬರದಾರೇನು?” ಎಂದು ಕೇಳಿದರು. ಕೇಳಿದವರು ಓದಿಕೊಂಡವರು, ದುಧನಿಯ ಅಡತಿ ವ್ಯಾಪಾರಿ, ಸೊಲ್ಲಾಪುರಕ್ಕೆ ಹೋಗಿ ಮರಾಠಿ ನಾಟಕ ನೋಡುತ್ತಿದ್ದವರು. ಅವರಿಗೆ ಕೈಲಾಸಂ ಅವರ ಹತ್ತಾರು ಮಾತು ಬರುತ್ತಿದ್ದವು, ಒಂದು ನಾಟಕದ ಹೆಸರೂ ಗೊತ್ತಿರಲಿಲ್ಲ. ಅಂದಿನಿಂದ ನಾನು ಆ ಮಾತುಗಳ ಹಿಂದೆ ಬಿದ್ದಿದ್ದೇನೆ. ಯಾರು ಹೇಳಿದರು, ಅವರಿಗೆ ಯಾರು ಹೇಳಿದ್ದರು, ಅದಕ್ಕೂ ಹಿಂದೆ ಎಲ್ಲಿತ್ತು ಎಂದು ಬರೆದಿಟ್ಟುಕೊಳ್ಳುವುದು ನನ್ನ ಕೆಲಸವಾಗಿದೆ.

ಟಿಕೀಟಿನ ಕಥೆಯ ಜಾಡು ಹಿಡಿದು ಹೋದರೆ ಲಂಡನ್ನಿಗೆ ಮುಟ್ಟುತ್ತೇವೆ. ಅಲ್ಲಿ ನಾಟಕಕಾರ ಬರ್ನಾರ್ಡ್ ಶಾ, ಟಿಕೀಟು ಪಡೆದವರು ವಿನ್‌ಸ್ಟನ್ ಚರ್ಚಿಲ್. ಅದು ನಡೆದದ್ದೇ ಹೌದೆಂದು ಇಂಗ್ಲಿಷ್ ಪತ್ರಿಕೆಗಳು ಎಷ್ಟೋ ವರ್ಷ ಅಚ್ಚು ಹಾಕಿದವು. 1949ರಲ್ಲಿ ಒಬ್ಬರು ಇಬ್ಬರಿಗೂ ಪತ್ರ ಬರೆದು ನಿಜವೇ ಎಂದು ಕೇಳಿದರು. ಶಾ ಸಿಟ್ಟಿನಿಂದ ಅಲ್ಲಗಳೆದರು. ಚರ್ಚಿಲ್ ಕಡೆಯಿಂದಲೂ ಇಲ್ಲವೆಂದೇ ಉತ್ತರ ಬಂತು. ಆಗ ಇಬ್ಬರೂ ಬದುಕಿದ್ದರು, ಕೇಳಿದ ಪುಣ್ಯಾತ್ಮ ಇಬ್ಬರನ್ನೂ ಕೇಳಿದ. ಇಂಥ ಅದೃಷ್ಟ ಎಲ್ಲ ಮಾತುಗಳಿಗೂ ಇಲ್ಲ. ಇಬ್ಬರೂ ಕೈಬಿಟ್ಟ ಮೇಲೂ ಆ ಕಥೆ ಸಾಯಲಿಲ್ಲ. ಕಡಲು ದಾಟಿ ಬೆಂಗಳೂರಿಗೆ, ಮುಂಬೈಗೆ ಬಂದು ಇಲ್ಲಿನ ಹೆಸರುಗಳನ್ನು ಹಿಡಿಯಿತು.

ಕೈಲಾಸಂ ಹೆಸರನ್ನೇ ಅದು ಏಕೆ ಹಿಡಿಯಿತು ಎಂಬುದಕ್ಕೆ ಕಾರಣ ಕಾಣುತ್ತದೆ. 1884ರಲ್ಲಿ ಹುಟ್ಟಿದ ಅವರು ನ್ಯಾಯಾಧೀಶರ ಮಗ, ಮದರಾಸಿನಲ್ಲಿ ಓದಿ ಭೂವಿಜ್ಞಾನ ಕಲಿಯಲು ಲಂಡನ್ನಿಗೆ ಹೋದವರು, 1915ರಲ್ಲಿ ತಿರುಗಿ ಬಂದವರು. ಅಲ್ಲಿ ಇದ್ದಷ್ಟು ಕಾಲ ನಾಟಕಶಾಲೆಗಳಲ್ಲಿ ಕಳೆದರು. ಅದು ಶಾ ಹೆಸರು ಎಲ್ಲರ ಬಾಯಲ್ಲಿದ್ದ ಕಾಲ. ಬಂದವರು ಮೈಸೂರು ಸರಕಾರದ ಭೂವಿಜ್ಞಾನ ಇಲಾಖೆಯ ಒಳ್ಳೆಯ ನೌಕರಿಯನ್ನು ಬಿಟ್ಟು ನಾಟಕಕ್ಕೆ ನಿಂತರು. ಲಂಡನ್ನು, ಇಂಗ್ಲಿಷು, ನಾಟಕ, ನಗು, ಯಾರಿಗೂ ತಲೆಬಾಗದ ಬದುಕು ಎಲ್ಲವೂ ಒಬ್ಬನಲ್ಲಿ ಸೇರಿದಾಗ ಶಾ ಹೆಸರಿನ ಮಾತುಗಳಿಗೆ ಕನ್ನಡದಲ್ಲಿ ಬೇರೆ ವಾರಸುದಾರ ಬೇಕಿರಲಿಲ್ಲ. ಅತ್ರೆಯವರ ಕಡೆಯೂ ಇಷ್ಟೇ ಸಲೀಸು. ನಗೆನಾಟಕಗಳ ದೊಡ್ಡ ಕರ್ತೃ, ಪತ್ರಿಕೆಯ ಸಂಪಾದಕ, ಮುಖ್ಯಮಂತ್ರಿಗಳ ಜೊತೆ ಬಹಿರಂಗವಾಗಿ ಜಗಳಕ್ಕೆ ನಿಂತ ರಾಜಕಾರಣಿ. ಟಿಕೀಟು ಕಳಿಸಲು ಮುಖ್ಯಮಂತ್ರಿಯೂ ಸಿದ್ಧ.

ಮಾತು ಹೀಗೆ ಮನೆ ಬದಲಿಸುವುದು ಹಳೆಯ ಸಂಗತಿ. 1809ರ ಫೆಬ್ರುವರಿ 24ರಂದು ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆ ಸುಟ್ಟುಹೋಯಿತು. ಅದರ ಯಜಮಾನ, ಹಾಸ್ಯನಾಟಕಕಾರ ಶೆರಿಡನ್ ಹತ್ತಿರದ ಕಾಫಿ ಮನೆಯಲ್ಲಿ ದ್ರಾಕ್ಷಾರಸ ಕುಡಿಯುತ್ತ ಕೂತಿದ್ದನಂತೆ. ಇಂಥ ಹೊತ್ತಿನಲ್ಲೂ ಇಷ್ಟು ಶಾಂತವಾಗಿದ್ದೀರಲ್ಲ ಎಂದವರಿಗೆ, ಮನುಷ್ಯ ತನ್ನ ಮನೆಯ ಬೆಂಕಿಯ ಮುಂದೆ ಕೂತು ಒಂದು ಲೋಟ ಕುಡಿಯಬಾರದೇ ಎಂದನಂತೆ. ಅವನು ತೀರಿಕೊಂಡ ಮೇಲೆ 1825ರಲ್ಲಿ ಅವನ ಚರಿತ್ರೆ ಬರೆದ ಥಾಮಸ್ ಮೂರ್ ಈ ಪ್ರಸಂಗವನ್ನು ಸೇರಿಸಿಕೊಂಡ. ಆದರೆ ಇದು ನಿಜವೆಂದು ಜಾಮೀನು ನಿಲ್ಲಲಾರೆ, ಹಿಯರೋಕ್ಲಿಸ್‌ನ ಕಾಲದಿಂದ ಎಲ್ಲ ಬೆಂಕಿಗಳಿಗೂ ತಪ್ಪದೆ ಹಾಜರಾಗುತ್ತ ಬಂದ ಮಾತು ಇದಾಗಿದ್ದರೂ ಆಗಿರಬಹುದು ಎಂಬ ಅರ್ಥದ ಎಚ್ಚರಿಕೆಯನ್ನೂ ಜೊತೆಗೆ ಇಟ್ಟ. ಹಿಯರೋಕ್ಲಿಸ್ ಅಂದರೆ ಹಳೆಯ ಗ್ರೀಕ್ ನಗೆಹನಿಗಳ ಸಂಗ್ರಹಕ್ಕೆ ಅಂಟಿಕೊಂಡಿರುವ ಹೆಸರು. ಮೂರ್ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಕಥೆಯನ್ನು ಕೊಂದು ಹಾಕಲಿಲ್ಲ, ಅದರ ಮೇಲೆ ತನ್ನ ಮೊಹರನ್ನೂ ಒತ್ತಲಿಲ್ಲ.

ನಮ್ಮ ದೇಶದಲ್ಲಿ ಮಾತುಗಳ ಮನೆ ಬದಲಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವನು ಬಲ್ಲಾಳ. ಸುಮಾರು 16ನೆಯ ಶತಮಾನದ ಅವನ ‘ಭೋಜಪ್ರಬಂಧ’ದಲ್ಲಿ 11ನೆಯ ಶತಮಾನದ ಧಾರಾನಗರದ ಭೋಜರಾಜನ ಸಭೆಯಲ್ಲಿ ಕಾಳಿದಾಸ, ಭವಭೂತಿ, ಮಾಘ ಎಲ್ಲರೂ ಒಟ್ಟಿಗೆ ಕೂತಿದ್ದಾರೆ. ಕಾಲದಲ್ಲಿ ಒಬ್ಬರಿಗೊಬ್ಬರು ನೂರಾರು ವರ್ಷ ದೂರವಿದ್ದ ಕವಿಗಳು. ಯಾವ ಕವಿ ಹೇಳಿದ್ದೆಂದು ಗೊತ್ತಿಲ್ಲದ ಎಷ್ಟು ಚಾಟು ಶ್ಲೋಕಗಳು ಅಲ್ಲಿ ಕಾಳಿದಾಸನ ಬಾಯಿಗೆ ಬಂದಿವೆಯೋ! ನಮ್ಮ ಹಳ್ಳಿಗಳಲ್ಲಿ ತೆನಾಲಿ ರಾಮಕೃಷ್ಣನದೂ ಬೀರಬಲ್ಲನದೂ ಒಂದೇ ಕಥೆ ಆಗಿರುವುದು ಎಲ್ಲರಿಗೂ ಗೊತ್ತು.

ಮಾತುಗಳು ಸಾಗಿಬಂದ ದಾರಿಯ ಬಗ್ಗೆ ಇಲ್ಲಿನವನಾಗಿ ನಾನು ಹೇಳಬೇಕಾದದ್ದು ಇದೆ, ಅದು ಕಂಪನಿ ನಾಟಕದ ದಾರಿ. ಸೊಲ್ಲಾಪುರದ ಸಿದ್ಧೇಶ್ವರನ ಗಡ್ಡಾ ಜಾತ್ರೆ ಸಂಕ್ರಾಂತಿಗೆ. ಇತ್ತ ಅಕ್ಕಲಕೋಟ, ಮೈಂದರ್ಗಿ, ದುಧನಿ, ಅತ್ತ ಇಂಡಿ, ಆಳಂದ, ಅಫಜಲಪುರ. ಈ ಸೀಮೆಯಲ್ಲಿ ಜಾತ್ರೆಯಿಂದ ಜಾತ್ರೆಗೆ ಕ್ಯಾಂಪು ಹಾಕುತ್ತ ಹೋದ ಕನ್ನಡ ಕಂಪನಿಗಳ ಬೆನ್ನಿಗೇ ಮರಾಠಿ ತಮಾಷಾದ ಫಡಗಳೂ ಬರುತ್ತಿದ್ದವು. ಕಂಪನಿಯಲ್ಲಿ ಹೀರೋ ಮಾತು ತಪ್ಪುವಂತಿಲ್ಲ. ಹಾಸ್ಯದ ಪಾತ್ರದವನಿಗೆ ಆ ಕಟ್ಟಿಲ್ಲ. ಪರದೆ ಬದಲಾಯಿಸುವಷ್ಟು ಹೊತ್ತು ಜನರನ್ನು ಹಿಡಿದಿಡುವುದು ಅವನ ಹೊಣೆ. ಹಿಂದಿನ ಕ್ಯಾಂಪಿನಲ್ಲಿ ಕೇಳಿದ್ದನ್ನು ಮುಂದಿನ ಕ್ಯಾಂಪಿನಲ್ಲಿ ಸೇರಿಸುತ್ತಾನೆ, ಊರ ಗೌಡರ ಹೆಸರು ಹಾಕಿ ನಗಿಸುತ್ತಾನೆ. ತಮಾಷಾದ ಸೋಂಗಾಡ್ಯಾ ಮಾಡುವುದೂ ಅದನ್ನೇ, ಶ್ರೀಕೃಷ್ಣ ಪಾರಿಜಾತದ ದೂತಿ ಮಾಡುವುದೂ ಅದನ್ನೇ. ಇವರ ಬಾಯಲ್ಲಿ ಹುಟ್ಟಿದ ಮಾತು ಯಾವ ಪುಸ್ತಕದಲ್ಲೂ ಇಲ್ಲ. ನಾಟಕದ ಹಸ್ತಪ್ರತಿಯಲ್ಲೂ ಇರುವುದಿಲ್ಲ, ಏಕೆಂದರೆ ಪ್ರಾಂಪ್ಟರನ ಕೈಯಲ್ಲಿದ್ದ ಪ್ರತಿಯ ಹೊರಗಿನ ಮಾತು ಅದು. ಆಡಿದವರು ತೀರಿಹೋದ ಮೇಲೆ ಮಾತು ಉಳಿಯುತ್ತದೆ, ಉಳಿಯಲು ಅದಕ್ಕೊಂದು ದೊಡ್ಡ ಹೆಸರು ಬೇಕಾಗುತ್ತದೆ. ಕೈಲಾಸಂ ಹೆಸರಿನಲ್ಲಿ ನಾನು ಕೇಳಿದ ಮಾತುಗಳಲ್ಲಿ ಕೆಲವು ಬೆಂಗಳೂರನ್ನು ಕಂಡೇ ಇಲ್ಲ ಎಂದು ನನಗೆ ಖಾತ್ರಿಯಾಗಿದೆ. ಅವುಗಳಲ್ಲಿ ಜೋಳದ ಹೊಲವಿದೆ, ಹುರುಳಿ ತಿಂದ ಎತ್ತಿದೆ, ಸೊಲ್ಲಾಪುರದ ಚಾದರವಿದೆ. ಅವನ್ನು ಹುಟ್ಟಿಸಿದವನು ಹೆಸರಿಲ್ಲದ ಒಬ್ಬ ಕಂಪನಿಯ ನಟ. ಅವನಿಗೆ ಸಲ್ಲಬೇಕಾದ್ದನ್ನು ನಾವು ಕೈಲಾಸಂಗೆ ಕೊಟ್ಟರೆ ಇಬ್ಬರಿಗೂ ಅನ್ಯಾಯ.

ಈ ರಂಗಭೂಮಿಯ ಕೊಡುಕೊಳೆ ಎರಡು ಕಡೆಯದೂ ಹೌದು. ಸಾಂಗಲಿಯ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾಸ್ವಯಂವರ’ ಆಡಿಸಿದ್ದು ಕರ್ನಾಟಕದಿಂದ ಬಂದ ಭಾಗವತರ ಆಟ ನೋಡಿದ ಮೇಲೆ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಕನ್ನಡ ನೆಲದ ಗುರ್ಲಹೊಸೂರಿನಲ್ಲಿ. ಮರಾಠಿ ನಾಟಕಗಳ ಅಬ್ಬರ ಕಂಡು ಗದುಗಿನಲ್ಲಿ ಕನ್ನಡ ನಾಟಕ ಕಟ್ಟಲು ಹೊರಟವರು ಶಾಂತಕವಿಗಳು. ನಾಟಕಗಳೇ ಹೀಗೆ ಹೋಗಿ ಬಂದ ಮೇಲೆ ನಾಲ್ಕು ಸಾಲಿನ ಕಿಸ್ಸಾ ಗಡಿಯಲ್ಲಿ ನಿಲ್ಲುತ್ತದೆಯೇ?

ಇನ್ನು ಕೈಲಾಸಂ ಅವರದ್ದೇ ಸಂಗತಿಗೆ ಬರುತ್ತೇನೆ. ಅವರ ಮಾತುಗಳ ಮೂಲ ಹುಡುಕುವುದು ಬೇರೆಯವರದಕ್ಕಿಂತ ಕಷ್ಟ, ಏಕೆಂದರೆ ಅವರ ನಾಟಕಗಳೂ ಬಾಯಲ್ಲೇ ಇದ್ದವು. ಕೂತು ಬರೆಯುವುದು ಅವರ ಜಾಯಮಾನವಲ್ಲ. ಗೆಳೆಯರ ಮನೆಯಲ್ಲಿ ರಾತ್ರಿ ಸಿಗರೇಟು ಹಚ್ಚಿ, ನಾಟಕದ ಎಲ್ಲ ಪಾತ್ರಗಳನ್ನೂ ಒಬ್ಬರೇ ಆಡುತ್ತ ಹೋಗುತ್ತಿದ್ದರು, ಶಿಷ್ಯರು ಬರೆದುಕೊಳ್ಳುತ್ತಿದ್ದರು. ಬರೆದುಕೊಳ್ಳುವವರಿಲ್ಲದ ರಾತ್ರಿ ಆಡಿದ್ದು ಅಲ್ಲಿಗೇ ಮುಗಿಯಿತು. ‘ಟೊಳ್ಳು ಗಟ್ಟಿ’, ‘ಪೋಲಿ ಕಿಟ್ಟಿ’, ‘ಹೋಂ ರೂಲು’, ‘ಬಹಿಷ್ಕಾರ’, ‘ನಮ್ ಬ್ರಾಹ್ಮಣ್ಕೆ’, ‘ಬಂಡ್ವಾಳಿಲ್ಲದ ಬಡಾಯಿ’, ‘ಅಮ್ಮಾವ್ರ ಗಂಡ’ ಇವೆಲ್ಲ ನಮಗೆ ಉಳಿದಿರುವುದು ಕೇಳಿದವರ ಕಿವಿಯ ಮತ್ತು ಕೈಯ ದೆಸೆಯಿಂದ. ಹಾಗಾದರೆ ನಾಟಕ ಬಂದ ದಾರಿಯಲ್ಲೇ ಚಾಟು ಮಾತುಗಳೂ ಬಂದಿವೆ. ಅದೇ ಕೋಣೆ, ಅದೇ ಶಿಷ್ಯರು, ಅದೇ ನೆನಪು. ಒಂದನ್ನು ನಂಬುತ್ತೇವೆ, ಇನ್ನೊಂದನ್ನು ಅನುಮಾನಿಸುತ್ತೇವೆ ಎಂದರೆ ಕಾರಣ ಕೊಡಬೇಕಾಗುತ್ತದೆ.

ನನ್ನ ಕಾರಣ ಇದು. ನಾಟಕವನ್ನು ಬರೆದುಕೊಂಡವರು ಕೈಲಾಸಂ ಬದುಕಿದ್ದಾಗಲೇ ಬರೆದುಕೊಂಡರು, ಅವರ ಎದುರೇ ರಂಗಕ್ಕೆ ತಂದರು, ತಪ್ಪಿದ್ದರೆ ಅವರು ಹೇಳಬಹುದಿತ್ತು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಅದಕ್ಕೆ ಮುಂಚೆ ಅಚ್ಚಾದದ್ದು, ಅಥವಾ ಅವರ ಜೊತೆ ಕೂತು ಎದ್ದ ಅ. ನ. ಕೃಷ್ಣರಾಯರು, ರಾಜರತ್ನಂ ಅಂಥವರು ತಾವೇ ಕೇಳಿದ್ದೆಂದು ಬರೆದದ್ದು ಒಂದು ತೂಕದ್ದು. ರಾಶಿಯವರು ‘ಕೊರವಂಜಿ’ ಹಾಸ್ಯಪತ್ರಿಕೆ ಶುರು ಮಾಡಿದ್ದು 1942ರಲ್ಲಿ, ಅಂದರೆ ಕೈಲಾಸಂ ಇನ್ನೂ ಇದ್ದಾಗ. ಆ ಕಾಲದ ಕಾಗದದಲ್ಲಿ ಕಂಡದ್ದಕ್ಕೂ, ನಲವತ್ತು ವರ್ಷದ ಮೇಲೆ ಜಾತ್ರೆಯಲ್ಲಿ ಮಾರುವ ನಗೆಹನಿ ಪುಸ್ತಕದಲ್ಲಿ ಕಂಡದ್ದಕ್ಕೂ ಒಂದೇ ಬೆಲೆ ಕಟ್ಟಲಾಗದು. ಆ ಅಗ್ಗದ ಪುಸ್ತಕಗಳಲ್ಲಿ ಕೈಲಾಸಂ ಹೆಸರು ತೆಗೆದು ಬೀಚಿಯವರ ಹೆಸರು ಹಾಕಿದರೂ ಮಾತು ಹಾಗೇ ನಡೆಯುತ್ತದೆ. ನಡೆದೂ ಇದೆ.

ತಾರೀಖು ಹಿಡಿದು ಒಂದು ಕಥೆಯನ್ನು ಬಿಡಿಸಿದ್ದನ್ನು ಹೇಳುತ್ತೇನೆ. ‘ಕೋಳೀಕೆ ರಂಗ’ ಹಾಡು ಕನ್ನಡಿಗರೆಲ್ಲರಿಗೂ ಗೊತ್ತು. ಹಳ್ಳಿಯ ರಂಗ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ, ಒತ್ತು ಸೊನ್ನೆ ಸಮೇತ ಬಿಡಿಸಿ ಹಾಡುತ್ತಾನೆ. ಇದು ಹುಟ್ಟಿದ ಬಗೆಯನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ‘ಕಾನ್‌ಸ್ಟಾಂಟಿನೋಪಲ್’ ಎಂಬ ಇಂಗ್ಲಿಷ್ ಹಾಡನ್ನು ಕೇಳಿಸಿ, ಊರ ಹೆಸರನ್ನು ಅಕ್ಷರ ಬಿಡಿಸಿ ಹೀಗೆ ಹಾಡಲು ನಿಮ್ಮ ಕನ್ನಡದಲ್ಲಿ ಆಗುತ್ತದೆಯೇ ಎಂದು ಯಾರೋ ಪಂಥ ಒಡ್ಡಿದರು, ಕೈಲಾಸಂ ಅಲ್ಲೇ ಆ ಧಾಟಿಗೆ ಕನ್ನಡ ಹಾಡು ಕಟ್ಟಿ ಹಾಡಿದರು. ಎಲ್ಲಿ ನಡೆಯಿತು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು. ಬೆಂಗಳೂರಿನ ಗೆಳೆಯರ ಕೂಟದಲ್ಲಿ ಎನ್ನುವವರಿದ್ದಾರೆ. ನಮ್ಮ ಕಡೆ ಬಹುಮಂದಿ ಅದನ್ನು ಲಂಡನ್ನಿನಲ್ಲೇ ನಡೆಸುತ್ತಾರೆ. ಬಿಳಿಯರ ನಡುವೆ, ವಿದ್ಯಾರ್ಥಿಯಾಗಿದ್ದಾಗ, ಕನ್ನಡದ ಮಾನ ಉಳಿಸಿದರು ಎಂದು ಹೇಳುವಾಗ ಹೇಳುವವರ ಎದೆ ಉಬ್ಬುತ್ತದೆ.

ಆ ಇಂಗ್ಲಿಷ್ ಹಾಡು ಬರೆದದ್ದು ಹ್ಯಾರಿ ಕಾರ್ಲ್‌ಟನ್, ಬರೆದ ವರ್ಷ 1928. ಅದೇ ವರ್ಷ ಪಾಲ್ ವೈಟ್‌ಮನ್ನನ ವಾದ್ಯವೃಂದ ಅದನ್ನು ಗ್ರಾಮಫೋನ್ ತಟ್ಟೆಗೆ ಹಾಡಿತು. ಕೈಲಾಸಂ ಲಂಡನ್ ಬಿಟ್ಟು ಆಗಲೇ 13 ವರ್ಷವಾಗಿತ್ತು. ಆದ್ದರಿಂದ ಲಂಡನ್ನಿನ ಪಾಠ ನಿಲ್ಲುವುದಿಲ್ಲ. ರಂಗ ಹುಟ್ಟಿದ್ದು 1928ರ ಈಚೆಗೆ, ನಲವತ್ತು ದಾಟಿದ ಕೈಲಾಸಂ ಬಾಯಲ್ಲಿ. ಪಂಥದ ಕಥೆ ನಿಜವೇ ಇರಬಹುದು, ಅದನ್ನು ತಳ್ಳಿಹಾಕುವ ಆಧಾರವಿಲ್ಲ. ಬಿದ್ದುಹೋಗಿದ್ದು ಬಿಳಿಯರ ಊರು ಮತ್ತು ಹುಡುಗ ವಯಸ್ಸು. ಇದನ್ನು ಹೇಳಿದಾಗ ನನ್ನ ಗೆಳೆಯರೊಬ್ಬರು, ಅಷ್ಟು ಚಂದದ ಕಥೀ ಕೆಡಿಸಿದ್ರಲ್ಲ ಮಾಸ್ತರ್ರ ಎಂದು ಬೇಸರಪಟ್ಟರು. ಕೆಟ್ಟಿತೆಂದು ನನಗನ್ನಿಸುವುದಿಲ್ಲ. ಜಗತ್ತಿನಲ್ಲಿ ಆ ವರ್ಷ ಹೊಸದಾಗಿ ಬಂದ ತಟ್ಟೆಯ ಹಾಡೊಂದನ್ನು ನಡುವಯಸ್ಸಿನ, ಕೈಯಲ್ಲಿ ಕಾಸಿಲ್ಲದ ನಾಟಕಕಾರ ತನ್ನ ಊರಲ್ಲೇ ಕೇಳಿ, ಅದರ ಅಕ್ಷರದಾಟವನ್ನು ಕನ್ನಡದ ಕಾಗುಣಿತಕ್ಕೆ ಇಳಿಸಿ, ಒಬ್ಬ ಹಳ್ಳಿಗನನ್ನು ಹುಟ್ಟಿಸಿದ ಎಂಬುದು ಲಂಡನ್ನಿನ ಕಥೆಗಿಂತ ದೊಡ್ಡದು. ಆ ಹಳ್ಳಿಗ ನಗೆಪಾಟಲಿಗೆ ಈಡಾಗುವುದಿಲ್ಲ, ತನ್ನ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ನನ್ನ ಶಾಲೆಯ ಮಕ್ಕಳು ಕನ್ನಡ ಕಾಗುಣಿತ ಮರೆಯದ ಹಾಗೆ ಮಾಡಿದ್ದು ಆ ಹಾಡು. ಸುತ್ತಲೂ ಮರಾಠಿ ಫಲಕಗಳೇ ಇರುವ ಊರಲ್ಲಿ ಅದು ಸಣ್ಣ ಉಪಕಾರವಲ್ಲ.

ಬೇರೆಯವರಿಗೆ ಹಚ್ಚಲು ಬಾರದ ಮಾತೂ ಒಂದಿದೆ. ಟಿ. ಪಿ. ಕೈಲಾಸಂ ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿ ಒಡೆದು ‘ಟಿಪಿಕಲ್ ಆಸ್ ಐ ಆ್ಯಮ್’ ಎಂದು ತಮ್ಮನ್ನೇ ಕತ್ತೆ ಎಂದುಕೊಂಡರಂತೆ. ಇದು ಅತ್ರೆಯವರಿಗೆ ಹೋಗದು, ಶಾಗೂ ಹೋಗದು, ಕೈಲಾಸಂ ಹೆಸರಿಗೇ ಹೊಲಿದ ಅಂಗಿ. ಆದರೆ ಹೆಸರಿಗೆ ಹೊಂದಿತು ಎಂದ ಮಾತ್ರಕ್ಕೆ ಅವರೇ ಅಂದರು ಎಂದಾಗುವುದಿಲ್ಲ. ಅವರ ಸುತ್ತ ಇಂಗ್ಲಿಷ್ ಬಲ್ಲ ಚುರುಕು ಹುಡುಗರು ಬೇಕಾದಷ್ಟು ಇದ್ದರು, ಯಾರು ಬೇಕಾದರೂ ಒಡೆಯಬಹುದಿತ್ತು. ಹಾಗಿದ್ದೂ ನಾನು ಇದನ್ನು ಅವರ ಕಡೆಗೇ ಹಾಕುತ್ತೇನೆ. ಕಾರಣ ಮಾತಿನ ಚಮತ್ಕಾರವಲ್ಲ, ಏಟು ಬೀಳುವ ಜಾಗ. ಇಲ್ಲಿ ಏಟು ಬಿದ್ದದ್ದು ಆಡಿದವರ ಮೇಲೇ.

ನಾನು ಹೇಳಬೇಕೆಂದಿರುವುದೆಲ್ಲ ಈ ಏಟಿನ ಸುತ್ತಲೇ ಇದೆ. ಕೈಲಾಸಂ ಹೆಸರಲ್ಲಿ ಓಡಾಡುವ ಬಹುಪಾಲು ಮಾತುಗಳು ಎದುರಿನವನನ್ನು ಬಾಯಿ ಮುಚ್ಚಿಸುವಂಥವು. ಒಬ್ಬ ಶ್ರೀಮಂತ, ಒಬ್ಬ ಅಧಿಕಾರಿ, ಒಬ್ಬ ಕೆಟ್ಟ ಕವಿ, ಕೆಲವೊಮ್ಮೆ ಒಬ್ಬ ಬಡ ಹೆಂಗಸು ಕೂಡ ಏನೋ ಕೇಳುತ್ತಾರೆ. ಕೈಲಾಸಂ ಒಂದೇ ಮಾತಲ್ಲಿ ಅವರನ್ನು ಕೆಡವುತ್ತಾರೆ, ಸುತ್ತಲಿದ್ದವರು ನಗುತ್ತಾರೆ. ಈಗ ನಾಟಕಗಳನ್ನು ತೆಗೆದು ನೋಡಿ. ಅಲ್ಲಿ ನಗು ಹಾಗೆ ಹುಟ್ಟುವುದೇ ಅಪರೂಪ. ಜನ ತಮಗೆ ಗೊತ್ತಿಲ್ಲದೆ ತಮ್ಮನ್ನು ಬಿಟ್ಟುಕೊಡುತ್ತಾರೆ. ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ದೊಡ್ಡಸ್ತಿಕೆ ಕೊಚ್ಚುವ ಗಂಡಸು, ವರದಕ್ಷಿಣೆಯ ಲೆಕ್ಕವನ್ನು ಮರ್ಯಾದೆಯ ಮಾತಲ್ಲಿ ಮುಚ್ಚಿಡಲು ಹೊರಟ ಹಿರಿಯ, ಮಗ ಪಾಸಾದರೆ ಲೋಕವೇ ಸರಿ ಎಂದು ನಂಬಿದ ಅಪ್ಪ ಇವರೆಲ್ಲ ಮಾತಾಡುತ್ತ ಹೋದಂತೆ ನಮಗೆ ನಗು ಬರುತ್ತದೆ, ಸ್ವಲ್ಪ ಹೊತ್ತಿಗೆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ‘ಟೊಳ್ಳು ಗಟ್ಟಿ’ಯಲ್ಲಿ ಪುಸ್ತಕ ಬಾಯಿಪಾಠ ಮಾಡಿದ ಮಗ ಒಂದು ಕಡೆ, ಪರೀಕ್ಷೆಯಲ್ಲಿ ಹಿಂದೆ ಬಿದ್ದು ಮನೆಮಂದಿಗೆ ಆಸರೆಯಾಗುವ ಮಗ ಇನ್ನೊಂದು ಕಡೆ. ಹಿಂದೆ ಬಿದ್ದವನನ್ನು ನೋಡಿ ನಾವು ನಗುವಂತೆ ಕೈಲಾಸಂ ಎಲ್ಲೂ ಬಿಡುವುದಿಲ್ಲ. ‘ಬಹಿಷ್ಕಾರ’ದಲ್ಲಿ ನಗಲು ಎಷ್ಟಿದೆ? ‘ಸೂಳೆ’ ಎಂದು ಹೆಸರಿಟ್ಟು ನಾಟಕ ಬರೆದವರು ಯಾವ ಹೆಂಗಸನ್ನು ಹೀಯಾಳಿಸಲು ಬರೆದರು?

ಆದ್ದರಿಂದ ತಾರೀಖು, ಸಾಕ್ಷಿ, ಇನ್ನೊಂದು ಭಾಷೆಯಲ್ಲಿರುವ ಜೋಡಿ ಮಾತು ಇವುಗಳ ಜೊತೆಗೆ ನಾನು ನೋಡುವುದು ಮಾತಿನಲ್ಲಿ ಬಿದ್ದವರು ಯಾರು ಎಂಬುದನ್ನು. ದುರ್ಬಲರು ಬಿದ್ದರೆ ಅದು ಬೇರೆಯವರ ಮಾತು ಎಂದು ಅನುಮಾನಿಸಿ ಹುಡುಕಲು ಶುರು ಮಾಡುತ್ತೇನೆ. ಇದು ಕಟ್ಟುನಿಟ್ಟಾದ ಪ್ರಮಾಣವಲ್ಲ. ಎಷ್ಟು ದೊಡ್ಡ ಮನುಷ್ಯನಾದರೂ ಕುಡಿದ ರಾತ್ರಿ ಕಟುವಾಗಿ ಆಡಿರಬಹುದು, ಕೈಲಾಸಂ ಕುಡಿಯುತ್ತಿದ್ದರು. ಆದರೂ ಈ ಅನುಮಾನ ನನ್ನನ್ನು ಹೆಚ್ಚು ಸಲ ಸರಿಯಾದ ಕಡೆಗೇ ಒಯ್ದಿದೆ. ಹಾಗೆ ಹುಡುಕಿ ಹೋದವುಗಳಲ್ಲಿ ಎಷ್ಟೋ ಮಾತು ಇಂಗ್ಲಿಷಿನಲ್ಲಿ ಶಾ ಅಥವಾ ಚರ್ಚಿಲ್ ಹೆಸರಿನಲ್ಲಿ ಸಿಕ್ಕವು, ಕೆಲವು ಮರಾಠಿಯಲ್ಲಿ ಸಿಕ್ಕವು. ಗ್ಯಾದರಿಂಗಿನ ನಾಟಕಕ್ಕೆ ತಾಲೀಮು ನಡೆದಾಗ ನಮ್ಮ ಹುಡುಗರಿಗೆ ಆ ಬೆಂಗಳೂರಿನ ಮನೆಮಾತು ನಾಲಿಗೆಗೆ ಹೊರಳುತ್ತಿರಲಿಲ್ಲ. ‘ಹಿಂಗ್ಯಾಕ ಮಾತಾಡ್ತಾರ್ರಿ ಇವರು’ ಎನ್ನುತ್ತಿದ್ದರು. ಜೋಕು ಎಲ್ಲಿದೆ ಎಂದು ಹುಡುಕಿ ಅವರಿಗೆ ಸಿಗಲಿಲ್ಲ. ನಾಟಕದ ದಿನ ತಾಯಂದಿರ ಸಾಲು ನಕ್ಕಿತು. ವರದಕ್ಷಿಣೆಯ ಮಾತು ಬಂದಲ್ಲಿ ಸುಮ್ಮನಾಯಿತು. ಕೈಲಾಸಂ ಏನೆಂದು ನಾನು ಬಾಯಿಬಿಟ್ಟು ಹೇಳುವ ಅಗತ್ಯ ಆಮೇಲೆ ಆ ಊರಲ್ಲಿ ಬೀಳಲಿಲ್ಲ.

ಅತ್ರೆಯವರ ವಿಷಯ ಬೇರೆ. ಅವರದು ಕಾಗದದ ಮೇಲಿನ ಬದುಕು. 1925ರ ‘ಝೆಂಡೂಚಿ ಫುಲೆ’ಯ ಅಣಕು ಪದ್ಯಗಳಿಂದ ಹಿಡಿದು ‘ಸಾಷ್ಟಾಂಗ ನಮಸ್ಕಾರ’, ‘ಲಗ್ನಾಚಿ ಬೇಡಿ’, ‘ತೋ ಮೀ ನವ್ಹೇಚ್’ ನಾಟಕಗಳವರೆಗೆ, ‘ನವಯುಗ’ ವಾರಪತ್ರಿಕೆ, 1956ರಲ್ಲಿ ಶುರುವಾದ ದೈನಿಕ ‘ಮರಾಠಾ’, ಸಂಪುಟಗಟ್ಟಲೆ ಆತ್ಮಕಥೆ ಎಲ್ಲವೂ ಅಚ್ಚಿನಲ್ಲಿದೆ. ತಾವು ಯಾರಿಂದ ತೆಗೆದುಕೊಂಡೆವೆಂಬುದೂ ಗುಟ್ಟಲ್ಲ. ‘ಕವಡೀಚುಂಬಕ’ ಮೋಲಿಯೇರ್‌ನ ಜಿಪುಣನಿಂದ ಬಂತು, ‘ಮೋರೂಚಿ ಮಾವಶಿ’ ಇಂಗ್ಲಿಷಿನ ‘ಚಾರ್ಲೀಸ್ ಆಂಟ್’ನಿಂದ ಬಂತು. ಹತ್ತು ಸಾವಿರ ವರ್ಷಗಳಲ್ಲಿ ಹೀಗಾಗಿಲ್ಲ ಎಂಬ ಅವರ ಉದ್ಗಾರ ಅವರದೇ ಎಂದು ತೋರಿಸಲು ಪತ್ರಿಕೆಯ ಪುಟಗಳಿವೆ. ಹಾಗಿದ್ದೂ ಸಭೆಗಳಲ್ಲಿ ಆಡಿದರೆನ್ನುವ ಮಾತುಗಳು ಕೈಲಾಸಂ ಮಾತುಗಳಂತೆಯೇ ಹರಿದಾಡುತ್ತವೆ. ಸೊಲ್ಲಾಪುರದ ಮಿಲ್ಲಿನಲ್ಲಿದ್ದ ನಮ್ಮ ಕಾಕಾ ಕೋಳಿಯ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ವಿಧಾನಸಭೆಯಲ್ಲಿ ಅಷ್ಟು ಜನ ಕಾಂಗ್ರೆಸ್ಸಿನವರ ಎದುರು ನೀವೊಬ್ಬರೇ ಏನು ಮಾಡುತ್ತೀರಿ ಎಂದು ರೈತನೊಬ್ಬ ಅತ್ರೆಯವರನ್ನು ಕೇಳಿದನಂತೆ. ನಿನ್ನ ಮನೆಯಲ್ಲಿ ಕೋಳಿ ಎಷ್ಟಿವೆ, ಹುಂಜ ಎಷ್ಟಿವೆ ಎಂದು ಅವರು ತಿರುಗಿ ಕೇಳಿದರಂತೆ. ಮುಂದಿನದನ್ನು ಕಾಕಾ ಹೇಳುತ್ತಿರಲಿಲ್ಲ, ಜನರ ನಗುವಿಗೆ ಬಿಡುತ್ತಿದ್ದರು.

ಆ ಕಾಕಾ ಗಡಿಯ ವಾದದಲ್ಲಿ ಕಟ್ಟಾ ಕನ್ನಡಿಗರು. ಅಕ್ಕಲಕೋಟ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದಾಗ ಸಕ್ಕರೆ ಹಂಚಿದವರು. ಅತ್ರೆ ಸಂಯುಕ್ತ ಮಹಾರಾಷ್ಟ್ರದ ಮುಂಚೂಣಿಯ ಮಾತುಗಾರ, ಅಂದರೆ ಎದುರಾಳಿ. ಆದರೂ ಅವರ ಕಿಸ್ಸೆ ಹೇಳುವಾಗ ಕಾಕಾನ ದನಿಯಲ್ಲಿ ಪ್ರೀತಿಯೇ ಇರುತ್ತಿತ್ತು. ‘ತೋ ಮೀ ನವ್ಹೇಚ್’ ನಾಟಕವನ್ನು ಅವರು ಬಹಳ ಮೆಚ್ಚಿಕೊಂಡಿದ್ದರು. ಊರಿಗೊಂದು ಹೆಸರು, ಊರಿಗೊಂದು ಲಗ್ನ ಮಾಡಿಕೊಂಡು, ಕಟಕಟೆಯಲ್ಲಿ ನಿಂತು ಅವನು ನಾನಲ್ಲವೇ ಅಲ್ಲ ಎನ್ನುವ ಲಖೋಬಾ ಲೋಖಂಡೆ ನಿಪ್ಪಾಣಿಯ ತಂಬಾಕಿನ ವ್ಯಾಪಾರಿ, ನಮ್ಮಂತೆ ಗಡಿಯವನು. ಭಾಷೆ ಬದಲಿಸಿದಾಗ ಹೆಸರು ಬದಲಿಸುವ ಆ ಮನುಷ್ಯನನ್ನು ಅತ್ರೆ ಗಡಿ ಸೀಮೆಯಲ್ಲೇ ಇಟ್ಟದ್ದು ನನಗೆ ಅರ್ಥವಾಗುತ್ತದೆ.

ಕೈಲಾಸಂ ಅವರನ್ನು ಕಂಡವರು ಈಗ ಯಾರೂ ಸಿಗುವುದಿಲ್ಲ. ಅವರು 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಎದುರು ಕೂತ ಯುವಕರು ಇದ್ದರೆ ನೂರರ ಹತ್ತಿರ ಇರಬೇಕು. ಆದರೆ ಸೊಲ್ಲಾಪುರದಲ್ಲಿ, ಪಾಠ ಕೇಳಿದವರ ಮೂಲಕ ನಮ್ಮ ಕೈಗೆ ಇನ್ನೂ ನಿಲುಕುವ ಒಬ್ಬರಿದ್ದಾರೆ. ದ. ರಾ. ಬೇಂದ್ರೆ 1944ರಿಂದ 1956ರವರೆಗೆ ಇಲ್ಲಿನ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಅವರೂ ನಗೆನಾಟಕ ಬರೆದವರು, ‘ಹುಚ್ಚಾಟಗಳು’ ಅವರದು. ಅವರದೂ ಬಾಯಿಮಾತಿನ ರಾಶಿ ಇದೆ, ಈಗಾಗಲೇ ಅದರಲ್ಲಿ ಕೈಲಾಸಂ ಮಾತುಗಳು ಬಂದು ಬೆರೆಯುತ್ತಿವೆ. ಅವರ ಪಾಠ ಕೇಳಿದ ಇಬ್ಬರು ಹಿರಿಯರು ನನಗೆ ಪರಿಚಯವಿದ್ದರು. ಒಂದೇ ಪ್ರಸಂಗವನ್ನು ಇಬ್ಬರೂ ಹೇಳುತ್ತಿದ್ದರು. ಬೇಂದ್ರೆಯವರ ಉತ್ತರ ಇಬ್ಬರಲ್ಲೂ ಒಂದೇ. ಪ್ರಶ್ನೆ ಕೇಳಿದ ಹುಡುಗ ಮಾತ್ರ ಬೇರೆ, ಇಬ್ಬರೂ ‘ಕೇಳಿದಾಂವ ನಾನs’ ಎನ್ನುತ್ತಿದ್ದರು. ಅವರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರೆಂದು ನಾನು ತಿಳಿಯುವುದಿಲ್ಲ. ಅಷ್ಟು ವರ್ಷ ಆ ಮಾತನ್ನು ಜೋಪಾನ ಮಾಡಿದವರಿಗೆ ತಾವು ಅದರ ಎದುರಿಗೇ ನಿಂತಿದ್ದೆವು ಅನ್ನಿಸುವುದು ಸಹಜ. ಉತ್ತರದಲ್ಲಿ ಇಬ್ಬರೂ ಒಂದಾಗಿರುವುದರಿಂದ ಉತ್ತರವನ್ನು ನಂಬುತ್ತೇನೆ, ಪ್ರಶ್ನೆಯ ಹಕ್ಕನ್ನು ಬಿಟ್ಟುಬಿಡುತ್ತೇನೆ.

ಬೇಂದ್ರೆ ಸೊಲ್ಲಾಪುರ ಬಿಟ್ಟ ವರ್ಷ ಹದಿನೆಂಟು ದಾಟಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಅವರು ಸೊಲ್ಲಾಪುರದ ಪೇಟೆಗಳಲ್ಲಿ, ಅಕ್ಕಲಕೋಟದ ಓಣಿಗಳಲ್ಲಿ, ಇಂಡಿ ವಿಜಯಪುರಗಳಲ್ಲಿ ಮಕ್ಕಳ ಮನೆಗಳಲ್ಲಿದ್ದಾರೆ. ಅವರ ಬಳಿ ಹೋಗುವವರು ‘ಬೇಂದ್ರೆ ಅಜ್ಜಾರದು ಒಂದು ಜೋಕ್ ಹೇಳ್ರಿ’ ಎಂದು ಕೇಳಬಾರದು. ಹಾಗೆ ಕೇಳಿದರೆ ಪುಸ್ತಕದಲ್ಲಿ ಇರುವುದನ್ನೇ ಹೇಳುತ್ತಾರೆ. ಯಾವ ಕೋಣೆಯಲ್ಲಿ ಪಾಠ ನಡೆಯುತ್ತಿತ್ತು, ಯಾವ ಪುಸ್ತಕ ಹಚ್ಚಿದ್ದರು, ಬಾಜೂಕ ಯಾರು ಕೂಡುತ್ತಿದ್ದರು, ಆ ಮಾತು ಬಂದಾಗ ಕನ್ನಡದಲ್ಲಿ ಬಂತೋ ಮರಾಠಿಯಲ್ಲೋ, ನಕ್ಕವರು ಯಾರು, ಸಿಟ್ಟಾದವರು ಯಾರು ಎಂದು ಕೇಳಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಕೆಳಗೆ ತಾರೀಖು ಹಾಕಿ.